ಅತ್ತೆಗೆ ಇಂದು ನೀರಿಲ್ಲ

“ಈ ಸಲ ಬೀಗದ ಕೈ ನಂದೇ! ಬೇಕಿದ್ರೆ ಬರೆದಿಟ್ಕೋ!” ಎಂದು ಅಂಬ್ರುಷ್ ಊಟದ ಮೇಜನ್ನು ಗುದ್ದಿದ. ಗುದ್ದಿದ ರಭಸಕ್ಕೆ ಸೂಪಿನ ಬಟ್ಟಲು ಒಂದು ಸಲ ಹಾರಿ ಕೂತಿತು. ಹೆಂಡತಿ ಇಲ್ದಿಕೋ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಅವಳು ಇಂಥ ಗುದ್ದುಗಳನ್ನು ಎಷ್ಟು ಕಂಡಿದ್ದಳೆಂದರೆ, ಮೇಜಿನ ಆ ಮೂಲೆಯಲ್ಲಿ ಗಾಜಿನ ಸಾಮಾನು ಇಡುವುದನ್ನೇ ಬಿಟ್ಟುಬಿಟ್ಟಿದ್ದಳು.

“ನಾನು ಬರೆದಿಟ್ಕೊಳ್ಳೋದು ಹಾಗಿರ್ಲಿ. ಬರೀಬೇಕಾಗಿರೋದು ನೀವು. ಅದರ ಕತೆ ಏನು?” ಎಂದಳು ಅವಳು, ಬ್ರೆಡ್ಡಿನ ಚೂರನ್ನು ಸೂಪಿಗೆ ಅದ್ದುತ್ತ.

ಕತೆ ಇಷ್ಟೇ. ಬಾಲಾತೋನ್ ಸರೋವರದ ಕಡೆಗೆ ಇಳಿಯುವ ದ್ರಾಕ್ಷಿ ಗುಡ್ಡದಲ್ಲಿ ಇಲ್ದಿಕೋಳ ತವರಿನವರಿಗೆ ಒಂದು ನೆಲಮಾಳಿಗೆ ಇತ್ತು. ಅದರೊಳಗೆ ಪೀಪಾಯಿಗಳು, ಪೀಪಾಯಿಗಳೊಳಗೆ ವೈನು. ಅದರ ಬಾಗಿಲಿಗೊಂದು ಬೀಗ, ಬೀಗಕ್ಕೊಂದು ಅಂಗೈಯುದ್ದದ ಕಬ್ಬಿಣದ ಕೈ. ಮಾವ ತೀರಿಕೊಂಡ ಮೇಲೆ ಆ ಕೈ ಅತ್ತೆ ಎಟೆಲ್ಕಾ ಅವರ ಏಪ್ರನ್ನಿನ ದಾರಕ್ಕೆ ಬಿದ್ದಿತ್ತು. ಅಂದಿನಿಂದ ಇಬ್ಬರು ಅಳಿಯಂದಿರಿಗೂ ವೈನು ಕೆಮ್ಮಿನ ಔಷಧಿಯ ಅಳತೆಯಲ್ಲಿ ಸಿಗತೊಡಗಿತ್ತು. ಕಳೆದ ಭಾನುವಾರ ಅತ್ತೆ ಊಟದ ನಡುವೆ ಘೋಷಿಸಿದ್ದರು:

“ನನಗೆ ಎಂಬತ್ತಾಯ್ತು. ಇನ್ನು ಗುಡ್ಡ ಹತ್ತೋಕಾಗಲ್ಲ. ಈಸ್ಟರ್ ಸೋಮವಾರ ಇಬ್ಬರು ಅಳಿಯಂದ್ರಲ್ಲಿ ಯಾರು ಚೆನ್ನಾಗಿ ಪದ್ಯ ಹೇಳಿ ನನಗೆ ನೀರು ಹಾಕ್ತಾರೋ ಅವರಿಗೆ ಈ ಬೀಗದ ಕೈ. ಆದ್ರೆ ಪದ್ಯ ಸ್ವಂತದ್ದಾಗಿರ್ಬೇಕು. ನಿಮ್ಮ ಮಾವ ಬದುಕಿರೋವರೆಗೂ ಪ್ರತಿ ವರ್ಷ ಹೊಸ ಪದ್ಯ ಕಟ್ಟಿ ಹೇಳೋರು. ಒಂದೂ ಚೆನ್ನಾಗಿರ್ತಿರ್ಲಿಲ್ಲ. ಆದ್ರೆ ಎಲ್ಲಾ ಅವರದ್ದೇ!”

ಹಂಗೇರಿಯ ಗಂಡಸರಿಗೆ ವರ್ಷದಲ್ಲಿ ಒಂದು ದಿನ ಕವಿಯಾಗುವ ಶಿಕ್ಷೆ ಇದೆ. ಈಸ್ಟರ್ ಸೋಮವಾರ ಬೆಳಗಾದರೆ ಅಂಗಿ ಇಸ್ತ್ರಿ ಮಾಡಿಕೊಂಡು ನೆಂಟರಿಷ್ಟರ ಮನೆಗೆ ಹೋಗಬೇಕು. ಹೆಂಗಸರ ಎದುರು ನಿಂತು ನಾಲ್ಕು ಸಾಲು ಪದ್ಯ ಹೇಳಬೇಕು. “ನೀವು ಹೂವು, ಬಾಡಬಾರದು, ನೀರು ಹಾಕಲೇ?” ಎಂದು ಕೇಳಬೇಕು. ಅವರು ಹೂಂ ಎಂದರೆ ನೀರನ್ನೋ ಸೆಂಟನ್ನೋ ತಲೆಗೆ ಚಿಮುಕಿಸಬೇಕು. ಪ್ರತಿಯಾಗಿ ಬಣ್ಣದ ಮೊಟ್ಟೆ, ಗಸಗಸೆ ಸುರುಳಿ, ಹಣ್ಣಿನ ಸಾರಾಯಿ. ನೀರು ಬೀಳದ ಹೆಣ್ಣು ಆ ವರ್ಷ ಬಾಡಿಹೋಗುತ್ತಾಳೆ ಎಂದು ಎಲ್ಲರೂ ನಗುತ್ತಲೇ ಹೇಳುತ್ತಾರೆ. ಆದರೆ ನೀರು ಹಾಕಲು ಮರೆತ ಗಂಡಸಿನ ಗತಿ ಏನಾಗುತ್ತದೆಂದು ಯಾರೂ ನಗುತ್ತ ಹೇಳುವುದಿಲ್ಲ.

ಅಂಬ್ರುಷನ ಬಳಿ ಇದ್ದದ್ದು ಒಂದೇ ಪದ್ಯ. ಶಿಶುವಿಹಾರದಲ್ಲಿ ಕಲಿತದ್ದು:

ಪುಟ್ಟ ಬಾತುಕೋಳಿ ನಾನು, ಪುಕ್ಕವೆಲ್ಲ ಒದ್ದೆ,
ಮೊಟ್ಟೆ ಒಂದು ಕೊಟ್ಟರೆ ಹೋಗಿ ಮಾಡುವೆ ನಿದ್ದೆ!

ಐದು ವರ್ಷದ ಮಗುವಿನ ಬಾಯಲ್ಲಿ ಇದು ಮುದ್ದಾಗಿತ್ತು. ಐವತ್ತೆರಡರ ಪ್ರಾಯದಲ್ಲಿ, ಕ್ವಿಂಟಾಲು ತೂಕದ ದೇಹವನ್ನು ಹೊಸಿಲಲ್ಲಿ ನಿಲ್ಲಿಸಿಕೊಂಡು “ಪುಟ್ಟ ಬಾತುಕೋಳಿ ನಾನು” ಎಂದರೆ ಹೇಗಿರಬೇಡ! ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಇಡೀ ಮನೆ ಅವನ ಜೊತೆ ಕೋರಸ್ ಹಾಡುತ್ತಿತ್ತು. ಹೆಂಡತಿಯ ಅಕ್ಕ ಮಾರ್ಗಿತ್ ರೆಕ್ಕೆ ಬಡಿದು ತೋರಿಸುತ್ತಿದ್ದಳು. ಮಾರ್ಗಿತಳ ಗಂಡ, ಎಂದರೆ ಅಂಬ್ರುಷನ ಷಡ್ಡಕ ಕಾಲ್ಮಾನ್, ಕೊನೆಗೊಮ್ಮೆ “ಕ್ವಾಕ್!” ಎನ್ನುತ್ತಿದ್ದ. ಕಾಲ್ಮಾನ್ ಕಾರು ಓಡಿಸಲು ಕಲಿಸುವವನು. ಪ್ರತಿ ವರ್ಷ ಸ್ವಂತ ಪದ್ಯ ಕಟ್ಟುತ್ತಿದ್ದ. ಅದರಲ್ಲಿ ಸಿಗ್ನಲ್ಲು, ಬ್ರೇಕು, ರಿವರ್ಸ್ ಗೇರು ಎಲ್ಲ ಬರುತ್ತಿದ್ದವು. ಪದ್ಯವೊಂದೇ ಬರುತ್ತಿರಲಿಲ್ಲ. ಆದರೂ ಸ್ವಂತದ್ದು!

“ಕಾಲ್ಮಾನಣ್ಣನ ಕೈಗೆ ಬೀಗದ ಕೈ ಹೋಯ್ತೋ, ನಮ್ಮ ಕತೆ ಮುಗೀತು,” ಎಂದ ಅಂಬ್ರುಷ್. “ಒಂದು ಲೋಟ ವೈನಿಗೆ ಅವನ ಮುಂದೆ ಎಡಕ್ಕೆ ಇಂಡಿಕೇಟರ್ ಹಾಕ್ಕೊಂಡು ನಿಂತ್ಕೋಬೇಕಾಗುತ್ತೆ. ನೋಡ್ತಿರು, ಬರೀತೀನಿ. ಕವಿತೆ ಬರೆಯೋದೇನು ಮಹಾ, ನೀರು ಕುಡಿದಷ್ಟು ಸುಲಭ!”

“ಸ್ವಂತದ್ದು ಅಂದ್ರೆ ಸ್ವಂತದ್ದು, ಗೊತ್ತಲ್ಲ? ಅಮ್ಮನಿಗೆ ಗೊತ್ತಾಗುತ್ತೆ.”

“ಏನೇ ಅದು, ನನ್ನನ್ನ ಕಳ್ಳ ಅಂತೀಯಾ?”

“ಇನ್ನೂ ಅಂದಿಲ್ಲ.”

ಈಗ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಅಂಬ್ರುಷ್ ಊರಿನ ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕ. ಚಳಿಗಾಲದಲ್ಲಿ ಪೈಪುಗಳು ಹೆಪ್ಪುಗಟ್ಟಿ ಒಡೆಯುವ ಊರು ಅದು. ದಿನಕ್ಕೊಂದು ಬೀದಿಗೆ ನೀರು ನಿಲ್ಲಿಸಬೇಕು, ನಿಲ್ಲಿಸಿದ್ದಕ್ಕೆ ನೋಟೀಸು ಅಂಟಿಸಬೇಕು, ಬೈದು ಪತ್ರ ಬರೆದವರಿಗೆ ಉತ್ತರ ಕೊಡಬೇಕು. ಈ ಚಳಿಗಾಲ ಅವನು ಆ ಕೆಲಸವನ್ನೆಲ್ಲ ಫೋನಿನೊಳಗಿನ ಕೃತಕ ಬುದ್ಧಿಗೆ ಒಪ್ಪಿಸಿದ್ದ. ಇವನು ಹೇಳುವುದು, ಅದು ತಿದ್ದುವುದು. ಇವನು ಗೊಣಗುವುದು, ಅದು ಸಭ್ಯವಾಗಿ ಬರೆಯುವುದು. “ಪೈಪು ಒಡೆದಿರುವ ಕಾರಣ ಗಿರಣಿ ಬೀದಿಗೆ ಇಂದು ನೀರಿಲ್ಲ. ಹನಿ ನೀರನ್ನೂ ವ್ಯರ್ಥ ಮಾಡಬೇಡಿ. ಆದ ಅಡಚಣೆಗೆ ವಿಷಾದಿಸುತ್ತೇವೆ.” ಇಂಥವನ್ನು ನವೆಂಬರಿನಿಂದ ಮಾರ್ಚಿನವರೆಗೆ ಇಬ್ಬರೂ ಸೇರಿ ರಾಶಿ ರಾಶಿ ರಚಿಸಿದ್ದರು. ನೋಟೀಸು ಬರೆಯುವ ಬುದ್ಧಿಗೆ ಪದ್ಯ ಬರೆಯಲು ಬಾರದೆ?

ಶನಿವಾರ ಮಧ್ಯಾಹ್ನ ಇಲ್ದಿಕೋ ಹಬ್ಬದ ಹಂದಿತೊಡೆ ಬೇಯಿಸುತ್ತಿದ್ದಾಗ ಕವಿವರ್ಯರು ಬಾತ್‌ರೂಮು ಹೊಕ್ಕು ಚಿಲಕ ಹಾಕಿಕೊಂಡರು. ಟಬ್ಬಿನ ಅಂಚಿನ ಮೇಲೆ ಕೂತು, ಫೋನನ್ನು ಬಾಯ ಹತ್ತಿರ ಹಿಡಿದು ಪಿಸುಗುಟ್ಟಿದರು: “ನೋಡಪ್ಪಾ, ನಮ್ಮ ಅತ್ತೆಗೆ ನೀರು ಹಾಕೋ ಪದ್ಯ ಬೇಕು. ಭರ್ಜರಿಯಾಗಿರ್ಲಿ.”

ಬುದ್ಧಿ ಕಣ್ಣುಮಿಟುಕಿಸುವಷ್ಟರಲ್ಲಿ ಬರೆಯಿತು. ಅದರಲ್ಲಿ ವಸಂತರಾಜ ಬಿಳಿಗುದುರೆಯೇರಿ ಬಂದು ಕನ್ನಿಕೆಯ ಕೆನ್ನೆಗೆ ಇಬ್ಬನಿ ಎರಚುತ್ತಿದ್ದ.

“ಬಿಳಿಗುದುರೆ ಎಲ್ಲಿಂದ ತರ್ಲಿ? ನಾನು ಹೋಗೋದು ಹಳೇ ಕಾರಲ್ಲಿ. ಮತ್ತೆ ಕನ್ನಿಕೆ ಬೇಡ, ಎಂಬತ್ತು ವರ್ಷದ ಹೆಂಗಸು. ಸ್ವಲ್ಪ ಮರ್ಯಾದೆಯಿಂದ ಹೇಳು.”

ಎರಡನೆಯ ಪದ್ಯ ಬಂತು. ಮರ್ಯಾದೆ ಜಾಸ್ತಿಯಾಗಿ ಶವಸಂಸ್ಕಾರದ ಭಾಷಣದಂತಿತ್ತು.

“ಅಯ್ಯೋ, ಇನ್ನೂ ಬದುಕಿದ್ದಾರೆ! ಸ್ವಲ್ಪ ಮೃದುವಾಗಿ ಹೇಳು. ಪ್ರೀತಿ ಇರ್ಲಿ. ಅವರಿಗೆ ಶೀತ ಆಗಲ್ಲ, ಮೈ ಸೂಕ್ಷ್ಮ, ಅದನ್ನೂ ನೆನಪಲ್ಲಿಟ್ಕೋ.”

“ಖಂಡಿತ. ಅತ್ತೆಯವರ ಕಣ್ಣಿನ ಬಣ್ಣ ಯಾವುದು?” ಎಂದು ಬುದ್ಧಿ ಕೇಳಿತು.

ಅಂಬ್ರುಷ್ ದಂಗಾದ. ಇಪ್ಪತ್ತಾರು ವರ್ಷದಿಂದ ಆ ಕಣ್ಣುಗಳು ಅವನನ್ನು ನೋಡುತ್ತಿದ್ದವು ನಿಜ. ಅವನು ತಿರುಗಿ ನೋಡುವ ಧೈರ್ಯ ಎಂದು ಮಾಡಿದ್ದ? “ನೀಲಿ ಅಂತ ಹಾಕು,” ಎಂದ. “ಪದ್ಯದಲ್ಲಿ ಕಣ್ಣು ನೀಲೀನೇ ಇರೋದು. ಇನ್ನೊಂದು ಮುಖ್ಯವಾದ ಮಾತು. ಇದು ನಾನೇ ಬರೆದದ್ದು ಅಂತ ಎಲ್ಲರಿಗೂ ಅನ್ನಿಸ್ಬೇಕು. ಯಾರಿಗೂ ಅನುಮಾನ ಬರಬಾರದು. ನನ್ನ ಕೆಲಸ, ನನ್ನ ಮಾತಿನ ಧಾಟಿ ಎಲ್ಲಾ ನಿನಗೆ ಗೊತ್ತಲ್ಲ? ನನ್ನ ಧಾಟಿಯಲ್ಲೇ ಬರಿ!”

ಅಷ್ಟರಲ್ಲಿ ಬಾಗಿಲಲ್ಲಿ ದಬದಬ ಸದ್ದಾಯಿತು.

“ರೀ! ಒಳಗೆ ಯಾರ ಹತ್ರ ಮಾತಾಡ್ತಿದ್ದೀರಿ?”

“ಯಾರೂ ಇಲ್ಲ ಕಣೇ! ಹಲ್ಲುಜ್ಜುತ್ತಿದ್ದೀನಿ!”

“ಹಲ್ಲುಜ್ಜೋರು ‘ಸ್ವಲ್ಪ ಮೃದುವಾಗಿ ಹೇಳು, ಪ್ರೀತಿ ಇರ್ಲಿ’ ಅಂತಾರಾ?”

“ಬ್ರಷ್ಷಿಗೆ ಹೇಳಿದ್ದು! ಒಸಡು ನೋಯ್ತಿದೆ!”

ಬಾಗಿಲು ಮತ್ತೆ ದಬದಬ ಎಂದಿತು. ಅಂಬ್ರುಷ್ ಗಡಿಬಿಡಿಯಲ್ಲಿ ಫೋನು ನೋಡಿದ. ಹೊಸ ಪದ್ಯ ಬಂದಿತ್ತು, ಮೂರು ಚರಣ. ಮೊದಲನೆಯದನ್ನು ಓದುತ್ತಿದ್ದಂತೆ ಅವನ ಕಣ್ಣಲ್ಲೇ ನೀರು ಬಂತು. ಆಹಾ, ಎಂಥಾ ಪದ್ಯ ಬರೆದೆ ನಾನು! ಎರಡನೆಯದರಲ್ಲಿ ತನ್ನ ಕಚೇರಿಯ ಕೆಲಸವೂ ಬಂದಿದೆ ಎಂಬುದನ್ನು ಕಂಡು ಎದೆ ಉಬ್ಬಿತು. ಮೂರನೆಯದಕ್ಕೆ ಪುರುಸೊತ್ತು ಸಿಗಲಿಲ್ಲ. ಮೊದಲೆರಡು ಇಷ್ಟು ಚೆನ್ನಾಗಿರುವಾಗ ಮೂರನೆಯದು ಕೈಕೊಡುತ್ತದೆಯೆ? ಅಕ್ಷರ ಅಕ್ಷರ ಚೀಟಿಗೆ ಇಳಿಸಿಕೊಂಡ. ಹೊರಗಿನ ದಬದಬಕ್ಕೆ ಕಿವಿಯಿಟ್ಟುಕೊಂಡು ನಕಲು ಮಾಡುವ ಕೈಗೆ ಬರೆದದ್ದೇನೆಂದು ಗೊತ್ತಾಗುವುದಿಲ್ಲ. ಆ ಚೀಟಿಯನ್ನು ಸೋಡಾ ಸೀಸೆಯ ಹಿಂಭಾಗಕ್ಕೆ ಅಂಟಿಸಿದ. ನೀರು ಹಾಕಲು ಅವನು ಒಯ್ಯುತ್ತಿದ್ದದ್ದು ಹಿಡಿ ಒತ್ತಿದರೆ ಬುಸ್ಸೆಂದು ಚಿಮ್ಮುವ ಅದೇ ಹಳೆಯ ದಪ್ಪ ಗಾಜಿನ ಸೋಡಾ ಸೀಸೆಯನ್ನು. ಎದೆಯ ಮುಂದೆ ಭಕ್ತಿಯಿಂದ ಹಿಡಿದರೆ ಓದಲು ಹೇಳಿ ಮಾಡಿಸಿದಂತಿತ್ತು.

ಸೋಮವಾರ ಬಂತು. ಎಟೆಲ್ಕಾ ಅವರ ನಡುಮನೆಯಲ್ಲಿ ಮೇಜಿನ ತುಂಬ ತಿಂಡಿ. ಜಡೆ ಹೆಣೆದ ಬ್ರೆಡ್ಡು, ಗಸಗಸೆ ಸುರುಳಿ, ಕೆಂಪು ಮೊಟ್ಟೆಗಳ ಬುಟ್ಟಿ. ಗೋಡೆಯಲ್ಲಿ ಮಾವನ ಫೋಟೋ. ಅತ್ತೆ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಮೊನ್ನೆಯಷ್ಟೇ ಪಾರ್ಲರಿನಲ್ಲಿ ಸುರುಳಿ ಹಾಕಿಸಿಕೊಂಡ ಬೆಳ್ಳಿಗೂದಲು ಕಿರೀಟದಂತೆ ಎದ್ದು ನಿಂತಿತ್ತು. ತೊಡೆಯ ಮೇಲೆ ಬೀಗದ ಕೈ.

ಕಾಲ್ಮಾನ್ ಮೊದಲು ಮುಂದೆ ಬಂದ. ಹೊಸ ಸೂಟು, ಕೈಯಲ್ಲಿ ಸೆಂಟಿನ ಬುಡ್ಡಿ. ಗಂಟಲು ಸರಿಮಾಡಿಕೊಂಡು ಹಾಡಿದ:

ಕೆಂಪು ದೀಪ ಬಿದ್ದಾಗ ನಿಲ್ತೀನಿ ಅತ್ತೆ,
ತಂಪು ಸೆಂಟು ತಂದಿದೀನಿ ಈ ಸಲಾನೂ ಮತ್ತೆ,
ನೋಯೋ ಮಂಡಿಗ್ ದಿನಾಲೂ ಮುಲಾಮನ್ನ ಹಚ್ಚಿ,
ಹಸಿರು ದೀಪ ತೋರ್ಸಿ, ಸೆಂಟು ಹಾಕ್ತೀನಿ ಚಚ್ಚಿ!

“ಹೋದ ವರ್ಷ ಸೊಂಟ, ಈ ವರ್ಷ ಮಂಡಿ,” ಎಂದರು ಅತ್ತೆ. “ಮುಂದಿನ ವರ್ಷ ಪಾದಕ್ಕೆ ಬರ್ತೀರಿ ಅಂತ ಕಾಣುತ್ತೆ. ಇರ್ಲಿ, ಹಾಕಿ.” ಕಾಲ್ಮಾನ್ ಎರಡು ಹನಿ ಸೆಂಟು ಹಾಕಿ, ಕೆಂಪು ಮೊಟ್ಟೆ ತೆಗೆದುಕೊಂಡು, ಗೆದ್ದ ಕುದುರೆಯಂತೆ ಪಕ್ಕಕ್ಕೆ ಸರಿದ. ಹೋಗುವಾಗ ಅಂಬ್ರುಷನ ಕಿವಿಯಲ್ಲಿ “ಕ್ವಾಕ್” ಎಂದ.

“ಏನಪ್ಪಾ ಬಾತುಕೋಳಿ, ಶುರು ಮಾಡಿ!” ಎಂದಳು ಮಾರ್ಗಿತ್, ರೆಕ್ಕೆ ಸಿದ್ಧಮಾಡಿಕೊಂಡು.

“ರೆಕ್ಕೆ ಮಡಚ್ಕೊಳ್ಳಿ ಅತ್ತಿಗೆ,” ಎಂದ ಅಂಬ್ರುಷ್ ಗಂಭೀರವಾಗಿ. “ಬಾತುಕೋಳಿ ಸತ್ತುಹೋಯ್ತು. ಈಗ ನಿಮ್ಮ ಮುಂದೆ ನಿಂತಿರೋದು ಹಂಸ!”

ಹಂಸ ಸೋಡಾ ಸೀಸೆಯನ್ನು ಎದೆಯೆತ್ತರಕ್ಕೆ ಹಿಡಿದು, ಒಂದು ಹೆಜ್ಜೆ ಮುಂದಿಟ್ಟು ಹಾಡಿತು:

ಎಂಬತ್ತು ವಸಂತಗಳ ಕಂಡಂಥ ಹೂವೆ,
ತುಂಬು ಮನೆತನಕೆ ನೆರಳಾದ ಮಾವೆ,
ಅಂಬರದ ನೀಲಿಯಿದೆ ನಿಮ್ಮ ಕಣ್ಣಲ್ಲಿ,
ಕಂಬನಿಯ ಸಂತಸವು ನನ್ನ ಕಣ್ಣಲ್ಲಿ!

ಕಾಲ್ಮಾನನ ಕೈಯ ಮೊಟ್ಟೆ ಅರ್ಧ ಸುಲಿದಲ್ಲಿಗೇ ನಿಂತಿತು. ಇಲ್ದಿಕೋ ಗಂಡನನ್ನು ಮದುವೆಯ ದಿನ ನೋಡಿದಂತೆ ನೋಡಿದಳು.

“ನನ್ನ ಕಣ್ಣು ಕಂದು,” ಎಂದರು ಅತ್ತೆ.

“ಅದು... ಕವಿಗೆ ಹಾಗೆ ಕಾಣುತ್ತೆ ಅತ್ತೇ,” ಎಂದು ಅಂಬ್ರುಷ್ ಮುಂದುವರಿದ:

ಊರ ನೀರಿಗೆ ನಾನು ಹಗಲಿರುಳು ಕಾವಲು,
ಭಾರವಾದ ಹೊಣೆ ಹೊತ್ತೆ ನೀರನ್ನು ಕಾಯಲು,
ಯಾರ ಮೇಲೂ ಹನಿಯ ಚೆಲ್ಲಿದವನಲ್ಲ,
ನೀರ ಬೆಲೆಯನು ಬಲ್ಲೆ, ಮರೆತವನಲ್ಲ!

“ಭೇಷ್!” ಎಂದಳು ಇಲ್ದಿಕೋ, ತಡೆಯಲಾರದೆ. ಅತ್ತೆಯ ಕೈ ಬೀಗದ ಕೈಯ ಮೇಲೆ ಮೆಲ್ಲಗೆ ಆಡತೊಡಗಿತು. ಅಂಬ್ರುಷನಿಗೆ ಆಗಲೇ ನೆಲಮಾಳಿಗೆಯ ತಂಪು, ಪೀಪಾಯಿಯ ಘಮ ಮೂಗಿಗೆ ಬಡಿಯಿತು. ಇನ್ನೊಂದೇ ಚರಣ! ಉಸಿರೆಳೆದುಕೊಂಡು, ಪೂರ್ತಿ ದನಿಯೆತ್ತಿ, ಒಂದೊಂದು ಮಾತಿಗೂ ತಲೆದೂಗುತ್ತ ಓದಿದ:

ಆದ ಕಾರಣ, ಅತ್ತೆ, ಮನ್ನಿಸಿರಿ ಎನ್ನ,
ಈ ದಿನ ನಿಮಗಿಲ್ಲ ನೀರಿನ ಸಿಂಚನ,
ವೃದ್ಧಾಪ್ಯದಲಿ ಶೀತ ತಗಲೀತು, ಜೋಕೆ,
ಇದ್ದ ಹಾಗೇ ಇರಿ, ನೀರು ವ್ಯರ್ಥ ಏಕೆ?
ಆದ ಅಡಚಣೆಗೆ ವಿಷಾದಿಸುತ್ತೇವೆ!

ಕೊನೆಯ ಸಾಲು ಬಾಯಿಂದ ಹೊರಬಿದ್ದು ಗೋಡೆಗೆ ತಾಗಿ ವಾಪಸು ಕಿವಿಗೆ ಬಂದಾಗಲೇ ತಾನು ಏನು ಹೇಳಿದೆ ಎಂಬುದು ಅವನಿಗೆ ಅರ್ಥವಾಯಿತು. ನಡುಮನೆಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಬಿದ್ದದ್ದು ಕಾಲ್ಮಾನನ ಮೊಟ್ಟೆ.

“ಏನಂದ್ರು ಅಮ್ಮಾ ಇವರು?” ಎಂದಳು ಮಾರ್ಗಿತ್. “ನಿನಗೆ ನೀರಿಲ್ಲ ಅಂದ್ರಾ?”

“ಇದ್ದ ಹಾಗೇ ಇರಿ ಅಂದ್ರು,” ಎಂದ ಕಾಲ್ಮಾನ್, ಬೆಂಕಿಗೆ ತುಪ್ಪ ಸುರಿಯುತ್ತ. “ಎಂಬತ್ತು ವರ್ಷದ ಹೂವಂತೆ, ನೀರು ದಂಡ ಅಂತೆ, ಬಾಡಿಹೋಗ್ಲಿ ಅಂತೆ! ಹಬ್ಬದ ದಿನ! ಅತ್ತೆಗೆ!”

“ಇಲ್ಲ ಇಲ್ಲ ಇಲ್ಲ!” ಎಂದು ಅಂಬ್ರುಷ್ ಕೂಗಿದ. “ನೀರಿದೆ! ಬೇಕಾದಷ್ಟು ನೀರಿದೆ! ನೋಡಿ ಅತ್ತೇ!” ಎಂದವನೇ, ಕೇಳದೆ ಮಾಡದೆ, ಸೀಸೆಯ ಹಿಡಿಯನ್ನು ಪೂರಾ ಒತ್ತಿಬಿಟ್ಟ.

ಬುಸ್ಸ್!

ಪಾರ್ಲರಿನ ಕಿರೀಟ ಒಂದೇ ಏಟಿಗೆ ನೆಲಸಮವಾಯಿತು. ಅತ್ತೆ ಒದ್ದೆ ಬೆಕ್ಕಿನಂತೆ ಕಣ್ಣು ಪಿಳಿಪಿಳಿ ಬಿಟ್ಟರು. ಅಂಬ್ರುಷ್ ಹಿಡಿ ಬಿಟ್ಟ. ಹಿಡಿ ಬಿಡಲಿಲ್ಲ! ಒತ್ತಿದ ರಭಸಕ್ಕೆ ಅದು ಕೆಳಗೆ ಕಚ್ಚಿಕೊಂಡು ಕೂತಿತ್ತು. ಇಡೀ ಊರಿನ ನೀರನ್ನು ಒಂದೇ ತಿರುಪಿಗೆ ನಿಲ್ಲಿಸಬಲ್ಲ ಮಹಾಶಯನಿಗೆ ಕೈಯಲ್ಲಿದ್ದ ಸೀಸೆಯನ್ನು ನಿಲ್ಲಿಸಲು ಬರಲಿಲ್ಲ. ಅತ್ತೆಯಿಂದ ತಪ್ಪಿಸಲು ಎಡಕ್ಕೆ ತಿರುಗಿಸಿದ, ಗಸಗಸೆ ಸುರುಳಿ ತೇಲಿತು. ಸುರುಳಿ ಉಳಿಸಲು ಬಲಕ್ಕೆ ತಿರುಗಿಸಿದ, ಕಾಲ್ಮಾನನ ಹೊಸ ಸೂಟು ಎದೆಯಿಂದ ಮಂಡಿಯವರೆಗೆ ನೆನೆಯಿತು. “ಬ್ರೇಕ್! ಬ್ರೇಕ್ ಹಾಕೋ!” ಎಂದು ಕಾಲ್ಮಾನ್ ಅಭ್ಯಾಸಬಲದಿಂದ ಕಿರುಚುತ್ತ ನೆಲದ ಮೇಲೆ ಕಾಲು ಒತ್ತಿದ. ಅಂಬ್ರುಷ್ ಸೀಸೆಯನ್ನು ಮೇಲಕ್ಕೆತ್ತಿದ. ದೀಪದ ಗೊಂಚಲಿಗೆ ಅಭಿಷೇಕವಾಗಿ ಅಲ್ಲಿಂದ ಎಲ್ಲರ ತಲೆಗೂ ತೀರ್ಥ ಬಿತ್ತು. ಗೋಡೆಯ ಮೇಲಿನ ಮಾವನ ಮುಖದಲ್ಲೂ ಹನಿಯಿಳಿಯಿತು. ಕೊನೆಗೆ ಸೀಸೆ ಖಾಲಿಯಾಗಿ, ಒಂದು ತೇಗು ತೇಗಿ, ಸುಮ್ಮನಾಯಿತು.

ಅತ್ತೆ ನಿಧಾನವಾಗಿ ಮುಖ ಒರೆಸಿಕೊಂಡರು.

“ಅಂಬ್ರುಷ್.”

“ಅತ್ತೇ.”

“ನಿನ್ನ ಬಾಯಿ ನೀರು ಹಾಕಲ್ಲ ಅಂತು. ನಿನ್ನ ಕೈ ನೀರು ಹಾಕ್ತು.” ಅತ್ತೆ ‘ನೀವು’ ಬಿಟ್ಟು ‘ನೀನು’ಗೆ ಇಳಿದಿದ್ದರು. ಇದು ಒಳ್ಳೆಯ ಲಕ್ಷಣವಲ್ಲ. “ಕೈ ನಿಂದೇ, ಅನುಮಾನವಿಲ್ಲ. ಅಷ್ಟು ಅಡ್ಡಾದಿಡ್ಡಿ ಕೈ ಈ ಸೀಮೇಲಿ ಇನ್ಯಾರಿಗೂ ಇಲ್ಲ. ಬಾಯಿ ಯಾರದು?”

ಅಂಬ್ರುಷ್ ಮಾವನ ಫೋಟೋ ನೋಡಿದ. ಮಾವ ಕಣ್ಣೊರೆಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಕೈಕಟ್ಟಿ ನಿಂತಿದ್ದಳು.

“ಬಾಯಿ... ಫೋನಿಂದು ಅತ್ತೇ.”

“ಕಳ್ಳಮಾಲು!” ಎಂದ ಕಾಲ್ಮಾನ್, ಸೂಟು ಹಿಂಡುತ್ತ.

ಆದರೆ ಎಲ್ಲರಿಗಿಂತ ದೊಡ್ಡ ಉದ್ಗಾರ ಇಲ್ದಿಕೋಳಿಂದ ಬಂತು. “ಅಂದ್ರೆ ಬಾತ್‌ರೂಮಲ್ಲಿ ‘ಪ್ರೀತಿ ಇರ್ಲಿ’ ಅಂತಿದ್ದದ್ದು ಫೋನಿಗೇನಾ?”

“ಹೂಂ ಕಣೇ.”

“ಅಯ್ಯೋ ದೇವರೇ! ಶನಿವಾರದಿಂದ ನಿಮ್ಮ ಆಫೀಸಿನ ಹೆಂಗಸರನ್ನೆಲ್ಲ ಮನಸ್ಸಲ್ಲೇ ಸಾಲಾಗಿ ನಿಲ್ಲಿಸಿ ನೋಡ್ತಿದ್ದೆ. ಒಬ್ಬಳಿಗೂ ನೀವು ಬೇಕಾಗಿರೋ ಹಾಗೆ ಕಾಣ್ಲಿಲ್ಲ. ಅದೇ ಅಂದ್ಕೊಂಡೆ, ಲೆಕ್ಕ ತಪ್ಪುತ್ತಿದೆಯಲ್ಲಾ ಅಂತ!”

“ನನ್ನ ಧಾಟಿಯಲ್ಲಿ ಬರಿ ಅಂದಿದ್ದೆ ಅತ್ತೇ,” ಎಂದ ಅಂಬ್ರುಷ್ ಅಳುಮುಖದಲ್ಲಿ. “ಅದು ಹೋಗಿ ಹೋಗಿ ನೋಟೀಸು ಬರೆದುಬಿಡ್ತು.”

“ಪಾಪ, ಅದರದ್ದೇನೂ ತಪ್ಪಿಲ್ಲ. ನಿನ್ನ ಧಾಟೀನೇ ಅದು. ಹೆಂಡ್ತಿ ಹುಟ್ಟುಹಬ್ಬಕ್ಕೆ ಕಾರ್ಡು ಬರೆಯೋವಾಗ ‘ಸದರಿ ದಿನದಂದು’ ಅಂತ ಶುರು ಮಾಡಿದೋನಲ್ವೇನೋ ನೀನು! ಆ ಕಾರ್ಡು ಓದಿ ನಾನೂ ಇವಳೂ ಒಂದು ವಾರ ನಕ್ಕಿದ್ದೀವಿ.” ಅತ್ತೆ ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿಕೊಂಡರು. “ಸರಿ. ಫೋನಿನ ಬಾಯಿ ಮುಗೀತಲ್ಲ, ಈಗ ನಿನ್ನ ಬಾಯಿ ತೆಗಿ. ಇಲ್ಲೇ, ನಿಂತಲ್ಲೇ, ಒಂದು ಪದ್ಯ ಹೇಳು. ಇಲ್ಲಾಂದ್ರೆ ಮುಂದಿನ ಈಸ್ಟರಿನವರೆಗೆ ಈ ಹೊಸಿಲು ತುಳೀಬೇಡ.”

ಅಂಬ್ರುಷನ ಹಣೆಯಲ್ಲಿ ಬೆವರೊಡೆಯಿತು. ಬಾತುಕೋಳಿ ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ನುಂಗಿಕೊಂಡ. ಸೀಸೆ ನೋಡಿದ, ಚೀಟಿ ತೊಯ್ದು ಮಸಿ ಕಲಸಿಹೋಗಿತ್ತು. ಮೊದಲ ಸಲ ಅತ್ತೆಯ ಕಣ್ಣನ್ನು ನೆಟ್ಟಗೆ ನೋಡಿದ. ಕಂದು, ನಿಜ. ತಡವರಿಸುತ್ತ ಶುರುಮಾಡಿದ:

“ಅತ್ತೇ... ನಿಮ್ಮ ಮೀಟರು ಹಳೇದು, ಮುಳ್ಳು ನಿಂತಿಲ್ಲ ಅತ್ತೆ,
ಮತ್ತೆ... ಪೈಪು ಸೋರಿದ್ರೂ ನೀರು ಬರುತ್ತೆ ಮತ್ತೆ,
ಹತ್ತು ವರ್ಷ... ಇಪ್ಪತ್ತು ವರ್ಷ ತಿರುಗ್ತಾನೇ ಇರಿ ಅತ್ತೆ,
ಕತ್ತೆ ನಾನು, ಕೇಳ್ತಾ ಇದೀನಿ, ಹಾಕ್ಲಾ ನೀರು ಮತ್ತೆ?”

ಅತ್ತೆಯ ತುಟಿ ಅದುರಿತು. ಅಳುತ್ತಾರೆಂದುಕೊಂಡರು ಎಲ್ಲರೂ. ಅತ್ತೆ ನಕ್ಕರು. ನಕ್ಕು ನಕ್ಕು ಕುರ್ಚಿಯ ಕೈ ಹಿಡಿದುಕೊಂಡರು. “ಪೈಪು ಸೋರುತ್ತಂತೆ ನಂದು!” ಎಂದು ಇನ್ನೊಮ್ಮೆ ನಕ್ಕರು. “ಇದು ನಮ್ಮ ಯಜಮಾನ್ರ ಪದ್ಯದಷ್ಟೇ ಕೆಟ್ಟದಾಗಿದೆ. ನಾಲ್ಕನೇ ಸಾಲಿನ ಶುರುವಂತೂ ಸತ್ಯವೇ ಸತ್ಯ. ಹಾಕಪ್ಪಾ, ಹಾಕು. ಆದ್ರೆ ಲೋಟದಲ್ಲಿ ತಂದು, ಒಂದೇ ಹನಿ!”

ಅಂಬ್ರುಷ್ ಲೋಟದಲ್ಲಿ ನೀರು ತಂದು ಒಂದು ಹನಿ ಹಾಕಿದ. ಈಗಾಗಲೇ ಕೊಡ ನೀರು ಸುರಿಸಿಕೊಂಡಿದ್ದ ಆ ತಲೆಯ ಮೇಲೆ ಅದು ಎಲ್ಲಿ ಹೋಯಿತೋ. ಇಲ್ದಿಕೋ ಆಗಲೇ ಬಟ್ಟೆ ಹಿಡಿದು ನೆಲ ಒರೆಸುತ್ತಿದ್ದಳು. ಅತ್ತೆ ಕೆಂಪು ಮೊಟ್ಟೆ ಕೊಟ್ಟರು. ಅಂಬ್ರುಷನ ಆಸೆ ಮತ್ತೆ ಚಿಗುರಿತು. ಆ ಕಡೆಯಿಂದ ಕಾಲ್ಮಾನನೂ ಕೈ ಚಾಚಿದ. ನಾಲ್ಕು ಕಣ್ಣುಗಳು ಬೀಗದ ಕೈಯ ಮೇಲೆ.

“ಇಬ್ಬರೂ ಕೈ ಹಿಂದಕ್ಕೆ ತಗೊಳ್ಳಿ,” ಎಂದರು ಅತ್ತೆ. ‘ನೀವು’ ವಾಪಸು ಬಂದಿತ್ತು. “ಒಬ್ಬರು ಫೋನಿನಿಂದ ಕದೀತೀರಿ. ಇನ್ನೊಬ್ಬರು ಸ್ವಂತದ್ದೇ ಕಟ್ತೀರಿ, ಆದ್ರೆ ನನ್ನ ಮೈಯಲ್ಲಿ ನೋವಿರೋ ಜಾಗ ಎಲ್ಲಾ ಮುಗಿದ ಮೇಲೆ ಏನು ಮಾಡ್ತೀರೋ ಕಾಣೆ. ಇಷ್ಟು ಹೊತ್ತೂ ಒಂದೂ ಪದ್ಯ ಹೇಳದೆ ನೆಲ ಒರೆಸ್ತಾ ಇರೋಳು ಒಬ್ಬಳೇ.” ಎಂದು ಬೀಗದ ಕೈಯನ್ನು ಇಲ್ದಿಕೋಳ ಒದ್ದೆ ಕೈಯಲ್ಲಿ ಇಟ್ಟರು. “ತಗೋಮ್ಮಾ. ಇವರಿಗೆ ವೈನು ಬೇಕಾದ್ರೆ ಒಂದು ಹೂಜಿಗೆ ಒಂದು ಪದ್ಯ. ಹೊಸದಾಗಿರ್ಬೇಕು, ಸ್ವಂತದ್ದಾಗಿರ್ಬೇಕು. ಪರೀಕ್ಷೆ ಮಾಡಿ ಕೊಡು.”

ಅಂದಿನಿಂದ ಶನಿವಾರವಾದರೆ ಗುಡ್ಡದ ನೆಲಮಾಳಿಗೆಯ ಬಾಗಿಲಲ್ಲಿ ಇಬ್ಬರು ಷಡ್ಡಕರು ಖಾಲಿ ಹೂಜಿ ಹಿಡಿದು ಸಾಲು ನಿಲ್ಲುವುದು ರೂಢಿಯಾಯಿತು. ಇಲ್ದಿಕೋ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತ ಕೇಳುತ್ತಾಳೆ. ಕಾಲ್ಮಾನನಿಗೆ ತೊಂದರೆಯೇ ಇಲ್ಲ. “ಓವರ್‌ಟೇಕ್ ಮಾಡಿ ಬಂದೆ, ಹೂಜಿ ಇಲ್ಲಿ ತಂದೆ” ಎಂದರೆ ಸಾಕು, ಇಷ್ಟು ಕೆಟ್ಟದ್ದನ್ನು ಯಾವ ಯಂತ್ರವೂ ಬರೆಯಲಾರದೆಂದು ಇಲ್ದಿಕೋ ಬಾಗಿಲು ತೆಗೆಯುತ್ತಾಳೆ. ಅಂಬ್ರುಷನೂ ಮೊದಮೊದಲು ಮೀಟರು, ಪೈಪು, ವಾಲ್ವು ಎಂದು ಹೇಗೋ ದಾಟಿಕೊಂಡ. ಆದರೆ ವಾರ ವಾರ ಬರೆದೂ ಬರೆದೂ ಅವನಿಗೆ ಅದರ ರುಚಿ ಹತ್ತಿತು. ಕಚೇರಿಯ ನೋಟೀಸುಗಳನ್ನೂ ತಾನೇ ಬರೆಯತೊಡಗಿದ. ಗಿರಣಿ ಬೀದಿಯವರು ನೀರಿಲ್ಲದಿದ್ದರೂ ಓದಿ ನಗುತ್ತಿದ್ದರು.

ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಒಂದು ಶನಿವಾರ ಅಂಬ್ರುಷ್ ಬಾಗಿಲಲ್ಲಿ ನಿಂತು, ಕೈಯಲ್ಲಿ ಚೀಟಿಯಿಲ್ಲದೆ, ಸೀಸೆಯಿಲ್ಲದೆ, ಹೆಂಡತಿಯ ಮುಖ ನೋಡಿಕೊಂಡೇ ಮೆಲ್ಲಗೆ ಹೇಳಿದ:

ನೀನು ಬಾಗಿಲ ತೆರೆದು ಒಳಗೆ ಕಾಲಿಡುವಾಗ
ಕತ್ತಲೆಯೂ ಒಂದು ಹೆಜ್ಜೆ ಹಿಂದೆ ಸರಿದು
ದಾರಿ ಬಿಡುವುದ ಕಂಡೆ.
ನಾನಂತೂ ಅಂದೇ ಸರಿದು ನಿಂತವನು.

ಬೆರಳಲ್ಲಿ ತಿರುಗುತ್ತಿದ್ದ ಬೀಗದ ಕೈ ನಿಂತಿತು. ಇಲ್ದಿಕೋಳ ಕಣ್ಣು ತುಂಬಿತು. ಹಿಂದೆ ನಿಂತಿದ್ದ ಕಾಲ್ಮಾನ್ ಟೊಪ್ಪಿ ತೆಗೆದ. ಅಂಬ್ರುಷ್ ಹೂಜಿ ಮುಂದೆ ಚಾಚಿದ.

ಇಲ್ದಿಕೋ ಕಣ್ಣೊರೆಸಿಕೊಂಡಳು. ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

“ಫೋನ್ ಎಲ್ಲಿ?”

“ಮನೇಲೇ ಬಿಟ್ಟು ಬಂದಿದೀನಿ ಕಣೇ! ನಾನೇ ಬರೆದದ್ದು! ದೇವರಾಣೆಗೂ ನಾನೇ!”

“ನೀವು?” ಎಂದಳು ಇಲ್ದಿಕೋ. “ಇಷ್ಟು ಚೆನ್ನಾಗಿ? ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ ರೀ, ನನಗೇ ಟೋಪಿ ಹಾಕ್ತೀರಾ!” ಎಂದು ಕಾಲ್ಮಾನನ ಹೂಜಿ ತುಂಬಿಸಿ, ಬಾಗಿಲೆಳೆದು ಬೀಗ ಜಡಿದಳು.

ಆ ಸಂಜೆ ಊಟದ ಮೇಜಿನಲ್ಲಿ ಅಂಬ್ರುಷ್ ತನ್ನ ಹೂಜಿಯನ್ನು ನಲ್ಲಿಯಲ್ಲೇ ತುಂಬಿಸಿಕೊಂಡು ಕೂತ. ಪುಣ್ಯಕ್ಕೆ, ಅವನ ಬೀದಿಗೆ ಅಂದು ನೀರಿತ್ತು.